ಅಜ್ಜನ ಬಂದೂಕು ಬಿಚ್ಚುವ ಮುನ್ನ

ಯಾದಗಿರಿ ಕಡೆಯ ಮುದನಾಳದಂಥ ಊರಿನ ಹಳೆಯ ಮಾಳಿಗೆಮನೆಯಲ್ಲಿ ಪಾಲು ಹಂಚಿಕೆಯಾಗುವಾಗ ಹೊಲ, ಎತ್ತು, ತಾಮ್ರದ ಹಂಡೆಗಳ ಜೊತೆಗೆ ಗೂಟಕ್ಕೆ ತೂಗುಹಾಕಿದ್ದ ಉದ್ದನೆಯ ಬಂದೂಕೂ ಒಮ್ಮೊಮ್ಮೆ ಯಾರದೋ ಪಾಲಿಗೆ ಬರುತ್ತದೆ. ಬಾಯಿಯ ಕಡೆಯಿಂದ ಮದ್ದು ತುಂಬುವ ನಳಿಗೆ, ಅದಕ್ಕೆ ಮೂರು ಕಬ್ಬಿಣದ ಕಟ್ಟು, ಕೆಳಗೆ ಸಿಕ್ಕಿಸಿದ ಗಜ, ಬದಿಯ ತಗಡಿನ ಮೇಲೆ ಕಿರೀಟ ಮತ್ತು ‘ಟವರ್’ ಎಂಬ ಇಂಗ್ಲಿಷ್ ಅಕ್ಷರ ಕಂಡರೆ ಅದು 1853ರ ಮಾದರಿಯ ಎನ್‌ಫೀಲ್ಡ್ ಇರಬಹುದು, ಅದರ ನಕಲೂ ಇರಬಹುದು. ಕೊಬ್ಬು ಸವರಿದ ತೋಟಾದಿಂದ 1857ರ ಸಿಪಾಯಿಗಳನ್ನು ಕೆರಳಿಸಿದ ಬಂದೂಕು ಅದು. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರಿಗೆ ಎದುರು ನಿಂತದ್ದು 1858ರ ಫೆಬ್ರವರಿಯಲ್ಲಿ, ಅದೇ ಪೀಳಿಗೆಯ ಬಂದೂಕುಗಳ ಕಾಲದಲ್ಲಿ. ಅಂಥದೊಂದು ಮನೆಗೆ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಉಸುಕಿನ ಕಾಗದ ತಂದು ಉಜ್ಜಿ ಫಳಫಳ ಮಾಡೋಣ ಎಂದು. ದಯವಿಟ್ಟು ಆ ಕೆಲಸ ಮಾಡಬೇಡಿ. ಸೇನೆಯ ಗುರುತು, ಇಸವಿ, ಕಾರ್ಖಾನೆಯ ಮುದ್ರೆ ಇರುವುದೆಲ್ಲ ಆ ಮೇಲ್ಪದರದಲ್ಲೇ. ಒಮ್ಮೆ ಉಜ್ಜಿ ಹೋದರೆ ಅದು ಬರೀ ಕಬ್ಬಿಣದ ಕೊಳವೆ.

ಕೈ ಹಚ್ಚುವ ಮೊದಲು ಕಾಗದಪತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸನ್ಸ್ ಹೊಂದಿದವರು ತೀರಿಕೊಂಡರೆ ಬಂದೂಕು ವಾರಸುದಾರರ ಬಳಿ ಹಾಗೇ ಉಳಿಯುವಂತಿಲ್ಲ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ ಪುರಾತನ ಬಂದೂಕಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸುವವರು ನಾವಲ್ಲ. ಸೇನೆಯ .303 ರೈಫಲ್ ಅಂತೂ ನಾಗರಿಕರಿಗೆ ನಿಷೇಧಿತ ಬೋರ್. ಮುಂದೆ ಹೇಳುವುದೆಲ್ಲ ಲೈಸನ್ಸ್ ಕೈಗೆ ಬಂದ ಮೇಲಿನ ಮಾತು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಗೂಟದ ಮೇಲೆ ಐವತ್ತು ವರ್ಷ ತೂಗಿದ ಬಂದೂಕಿನಲ್ಲೂ ಮದ್ದು ತುಂಬಿರಬಹುದು. ಹಂದಿ ಕಾಯಲು ತುಂಬಿಟ್ಟು, ಹಾರಿಸದೆ ಮರೆತುಬಿಟ್ಟಿರುತ್ತಾರೆ. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷವಾದರೂ ಸಾಯುವುದಿಲ್ಲ. ಮೊದಲು ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಕೆಳಗೆ ನೋಡಿ. ಮೊನೆಯ ಮೇಲೆ ಸಣ್ಣ ತಾಮ್ರದ ಕೇಪು ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ, ಬಂದೂಕನ್ನು ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಕೇಪು ಇಲ್ಲದಿದ್ದರೆ, ಮುಖವನ್ನು ನಳಿಗೆಯ ಬಾಯಿಗೆ ಎದುರಾಗಿ ತರದೆ, ಬದಿಯಲ್ಲಿ ಕೂತು ಒಂದು ನೇರವಾದ ಮರದ ಕೋಲನ್ನು ನಳಿಗೆಯೊಳಗೆ ಮೆಲ್ಲಗೆ ತಳದವರೆಗೆ ಇಳಿಸಿ. ಬಾಯಿಯ ಅಂಚಿಗೆ ಸರಿಯಾಗಿ ಕೋಲಿನ ಮೇಲೆ ಗೆರೆ ಎಳೆಯಿರಿ. ಕೋಲು ಹೊರತೆಗೆದು, ಗೆರೆಯನ್ನು ಅದೇ ಅಂಚಿಗೆ ಹೊಂದಿಸಿ ನಳಿಗೆಯ ಹೊರಮೈಗೆ ಇಟ್ಟು ನೋಡಿ. ಕೋಲಿನ ತುದಿ ಕೇಪಿನ ಮೊನೆಯ ಹತ್ತಿರಕ್ಕೆ ಬಂದರೆ ಒಳಗೆ ಖಾಲಿ. ಎರಡು-ಮೂರು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ಕೆದಕುವುದು, ಕೊರೆಯುವುದು, ಬಿಸಿ ಮಾಡುವುದು ಯಾವುದೂ ಬೇಡ. ಲೈಸನ್ಸ್ ಇರುವ ಬಂದೂಕು ರಿಪೇರಿಯವರೇ ತೆಗೆಯಬೇಕು.

ಖಾಲಿ ಎಂದು ಖಚಿತವಾದ ಮೇಲೆ ಬಿಳಿ ಪಂಚೆ ಹಾಸಿ, ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಹೊಲಿಗೆ ಮಿಶಿನ್ ಎಣ್ಣೆಯ ಒಂದೊಂದು ಹನಿ ಬಿಟ್ಟಿರಿ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳಿನಲ್ಲಿ ಬಿಗಿಯಾಗಿ ಕೂರಬೇಕು. ಸಡಿಲವಾದದ್ದು ಜಾರಿ ತಲೆಯನ್ನು ಕಿತ್ತುಹಾಕುತ್ತದೆ. ಗಜ ಮೊದಲು ಹೊರಗೆ. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಎದುರು ಬದಿಯ ಎರಡು ಸ್ಕ್ರೂಗಳನ್ನು ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ಮರದ ಸುತ್ತಿಗೆಯಿಂದ ಹಗುರಾಗಿ ತಟ್ಟಿ. ಬದಿಯ ತಗಡಿಗೆ ಕೂತಿರುವ ಲಾಕ್ ತಾನಾಗಿ ಹೊರಗೆ ಸರಿಯುತ್ತದೆ. ಮೀಟಿ ಎಬ್ಬಿಸಿದರೆ ಮರ ಸೀಳುತ್ತದೆ. ನಂತರ ಕಟ್ಟುಗಳ ಸ್ಕ್ರೂ ಸಡಿಲಿಸಿ, ಅವನ್ನು ಬಾಯಿಯ ಕಡೆಗೆ ಜಾರಿಸಿ ತೆಗೆಯಿರಿ. ನಳಿಗೆಯ ಹಿಂಬದಿಯ ಬಾಲದ ಸ್ಕ್ರೂ ಬಿಚ್ಚಿದರೆ ನಳಿಗೆ ಮರದಿಂದ ಮೇಲೇಳುತ್ತದೆ. ಇಷ್ಟೇ ಸಾಕು. ಲಾಕಿನ ಒಳಗಿನ ದೊಡ್ಡ ಸ್ಪ್ರಿಂಗ್, ನಳಿಗೆಯ ಹಿಂದಿನ ಬಿರಡೆ, ತಿರುಗದ ಕೇಪಿನ ಮೊನೆ ಇವನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಕರಿಮದ್ದಿನ ಮಸಿಯಲ್ಲಿ ಉಪ್ಪಿನ ಗುಣವಿದೆ. ಗಾಳಿಯ ತೇವ ಹೀರಿ ಅದು ನಳಿಗೆಯನ್ನು ಒಳಗೊಳಗೇ ತಿನ್ನುತ್ತದೆ. ಅದನ್ನು ಕರಗಿಸುವುದು ಎಣ್ಣೆಯಲ್ಲ, ನೀರು. ಆದ್ದರಿಂದ ಸ್ವಲ್ಪ ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಗಜಕ್ಕೆ ಸುತ್ತಿ, ಬಟ್ಟೆ ಬೆಳ್ಳಗೆ ಬರುವವರೆಗೆ ಎಳೆದಾಡಿ. ಕೂಡಲೇ ಒಣಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು, ಆರಿದ ಮೇಲೆ ಎಣ್ಣೆ ಸವರಿ. ಹೊರಗಿನ ಜಂಗಿಗೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಅತಿ ನುಣ್ಣನೆಯ ಉಕ್ಕಿನ ನಾರಿನಿಂದ ಮೆಲ್ಲಗೆ ತೀಡಿದರೆ ಕೆಂಪು ಪುಡಿ ಬಿಟ್ಟುಬರುತ್ತದೆ. ಕೆಳಗಿನ ಕಂದು-ಕಪ್ಪು ಪದರ ಇರಲಿ, ಅದು ಲೋಹವನ್ನು ಕಾಯುತ್ತದೆ. ಟ್ರಿಗರಿನ ಸುತ್ತಲಿನ ಹಿತ್ತಾಳೆ ಕಂಡ ಕೂಡಲೇ ನಮ್ಮ ಹೆಣ್ಣುಮಕ್ಕಳ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಹಿತ್ತಾಳೆ ಹೊಳೆಯುತ್ತದೆ, ನಿಜ. ಆದರೆ ಆ ಹುಳಿ ಸಂದಿಯಲ್ಲಿ ಇಳಿದು ಪಕ್ಕದ ಕಬ್ಬಿಣವನ್ನು ಕೊರೆಯುತ್ತದೆ.

ಮರಕ್ಕೆ ಬೇಕಾದದ್ದು ನಮ್ಮ ಹೊಲದಲ್ಲೇ ಇದೆ. ಇಂಥ ಮರಕ್ಕೆ ಸೈನಿಕರು ಹಚ್ಚುತ್ತಿದ್ದುದು ಅಗಸೆ ಎಣ್ಣೆಯನ್ನೇ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕಿ, ಉಳಿದದ್ದನ್ನು ಒರೆಸಿಬಿಡಿ. ವಾರ ಬಿಟ್ಟು ಮತ್ತೊಮ್ಮೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಅಂಟಾಗಿ ಧೂಳು ಹಿಡಿಯುತ್ತವೆ. ಇಲ್ಲೊಂದು ಎಚ್ಚರ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಲ್ಲದು. ಯಾದಗಿರಿಯ ಮೇ ತಿಂಗಳ ಬಿಸಿಲಲ್ಲಿ ಆ ಅಪಾಯ ಇನ್ನೂ ಹೆಚ್ಚು. ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಹಾಕಿ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಸ್ಕ್ರೂಗಳನ್ನು ಅವುಗಳದೇ ತೂತಿಗೆ ಹಾಕಿ, ಮರ ನರಳುವಷ್ಟು ಬಿಗಿಯಬೇಡಿ. ಹಾರಿಸಿ ನೋಡುವ ಆಸೆ ಬೇಡ. ನೂರೈವತ್ತು ವರ್ಷದ ನಳಿಗೆಯ ಬಿರುಕು ಕಣ್ಣಿಗೆ ಕಾಣುವಂಥದ್ದಲ್ಲ. ಮತ್ತೆ ಗೂಟಕ್ಕೂ ತೂಗುಹಾಕಬೇಡಿ. ಫರ್ಸಿ ಗೋಡೆಯ ತಂಪಿಗೆ ತಾಗದಂತೆ, ಬಟ್ಟೆಯ ಚೀಲವಾಗಲಿ ಚರ್ಮದ ಚೀಲವಾಗಲಿ ಹಾಕದೆ, ಎಣ್ಣೆ ಮರಕ್ಕೆ ಇಳಿಯದ ಹಾಗೆ ಬಾಯಿ ಕೆಳಗೆ ಮಾಡಿ ಬೀಗದ ಕಪಾಟಿನಲ್ಲಿಡಿ. ಮೃಗಶಿರ ಮಳೆಗೆ ಮುನ್ನ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ತೆಗೆದು ಒರೆಸಿ ಎಣ್ಣೆ ಕಾಣಿಸಿ. ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ ಇರಲಿ.