ಮತ್ತೊಂದು ಫಾಸ್ಟ್ ಲೆನ್ಸ್ ಬೇಕೆ?

ನಾಟಕದ ಫೋಟೊ ತೆಗೆಯುವ ಹುಚ್ಚಿರುವವರಿಗೆ ಪಶ್ಚಿಮ ಬೆಂಗಳೂರು ಒಳ್ಳೆಯ ಜಾಗ. ಬಸವೇಶ್ವರನಗರದಲ್ಲಿ ಕೆಇಎ ಪ್ರಭಾತ್ ರಂಗಮಂದಿರವಿದೆ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ಮಳೆಗಾಲ ಬಂತೆಂದರೆ ಕರಾವಳಿಯ ಯಕ್ಷಗಾನ ಮೇಳಗಳೂ ಬೆಂಗಳೂರಿನ ಕಡೆ ಹೊರಡುತ್ತವೆ. ಪ್ರದರ್ಶನದ ನಡುವೆ ಫ್ಲ್ಯಾಶ್ ಹಾಕುವಂತಿಲ್ಲ, ಹಾಕಲೂಬಾರದು. ಹಾಗಾಗಿ ಮಂದ ಬೆಳಕಿನಲ್ಲೂ ಚಿತ್ರ ಹಿಡಿಯಬಲ್ಲ ಫಾಸ್ಟ್ ಲೆನ್ಸ್ ನಮ್ಮಂಥವರಿಗೆ ಅಗತ್ಯದ ವಸ್ತು.

ನನ್ನ ಬಳಿ 50 ಎಂಎಂ ಮತ್ತು 85 ಎಂಎಂ ಲೆನ್ಸ್‌ಗಳಿವೆ, ಎರಡೂ ಎಫ್/1.8. ಅವುಗಳ ಜೊತೆಗೆ 85 ಎಂಎಂ ಎಫ್/1.4 ಕೊಳ್ಳಬೇಕೆಂಬ ಆಸೆ ಬಹಳ ದಿನ ಕಾಡಿತು. ಬೆಲೆ ಈಗಿರುವುದರ ಹಲವು ಪಟ್ಟು. ದುಡ್ಡು ಹೊಂದಿಸುವ ಮೊದಲು ಅದರಿಂದ ಸಿಗುವುದೇನು ಎಂದು ಲೆಕ್ಕ ಹಾಕಲು ಕೂತೆ.

ಲೆಕ್ಕ ಸರಳ. 85ನ್ನು 1.8ರಿಂದ ಭಾಗಿಸಿದರೆ ಬೆಳಕು ಒಳಹೊಗುವ ಕಂಡಿಯ ಅಗಲ ಸುಮಾರು 47 ಮಿಲಿಮೀಟರ್, 1.4ರಿಂದ ಭಾಗಿಸಿದರೆ 61. ವಿಸ್ತೀರ್ಣ ನೋಡಿದರೆ ಬೆಳಕು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಐಎಸ್‌ಒ 3200ರಲ್ಲಿ ತೆಗೆಯುತ್ತಿದ್ದ ಚಿತ್ರವನ್ನು 2000ದಲ್ಲಿ ತೆಗೆಯಬಹುದು, ಅಥವಾ ಶಟರನ್ನು 1/200ರಿಂದ 1/320ಕ್ಕೆ ಏರಿಸಬಹುದು. ಈಗಿನ ಕ್ಯಾಮೆರಾಗಳಲ್ಲಿ 3200ಕ್ಕೂ 2000ಕ್ಕೂ ಇರುವ ವ್ಯತ್ಯಾಸ, ತಂಡದವರು ಅಚ್ಚು ಹಾಕಿಸುವ ಕರಪತ್ರದಲ್ಲಿ ಕಾಣುವುದೇ ಇಲ್ಲ.

ಈ ಲಾಭಕ್ಕೆ ಬೇರೆ ರೀತಿಯ ಬೆಲೆಯೂ ಉಂಟು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್/1.4ಕ್ಕೆ ಇಟ್ಟು 5 ಮೀಟರ್ ದೂರದ ನಟನ ಮೇಲೆ ಫೋಕಸ್ ಮಾಡಿದರೆ, ಸ್ಪಷ್ಟವಾಗಿ ಬರುವ ಭಾಗದ ಆಳ 30 ಸೆಂಟಿಮೀಟರ್‌ಗೂ ಕಡಿಮೆ. ಮದುವೆಮನೆಯ ಒಂಟಿ ಭಾವಚಿತ್ರಕ್ಕೆ ಅದು ಚೆಂದ. ನಾಟಕದಲ್ಲಿ ಮಾತಾಡುವವಳಷ್ಟೇ ಮುಖ್ಯ, ಒಂದು ಹೆಜ್ಜೆ ಹಿಂದೆ ನಿಂತು ಕೇಳಿಸಿಕೊಳ್ಳುವವಳು. ಅವಳ ಮುಖ ಮಸುಕಾದರೆ ದೃಶ್ಯದ ಅರ್ಧ ಹೋದಂತೆ. ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಮೇಣದಬತ್ತಿ ದೃಶ್ಯಗಳಿಗೆ, ಝೈಸ್ ಕಂಪನಿ ನಾಸಾಗಾಗಿ ಮಾಡಿದ್ದ ಎಫ್/0.7 ಲೆನ್ಸ್ ಬಳಸಿದರು. ಫೋಕಸ್ ಅತಿ ತೆಳುವಾಗಿದ್ದರಿಂದ ನಟರು ಹೆಚ್ಚು ಅಲುಗಾಡುವಂತಿರಲಿಲ್ಲ. ನಿರ್ದೇಶಕ ನಟರಿಗೆ ಹಾಗೆ ಹೇಳಬಹುದು. ಸಭೆಯಲ್ಲಿ ಕೂತ ಫೋಟೊಗ್ರಾಫರ್ ಹೇಳುವಂತಿಲ್ಲ.

ಮುಂದೆ ನನ್ನ ಹಳೆಯ ಚಿತ್ರಗಳನ್ನೆಲ್ಲ ತೆರೆದೆ. ಆಯ್ಕೆಯಾಗದೆ ಉಳಿದವನ್ನು ಕಾರಣದ ಪ್ರಕಾರ ಬೇರೆ ಮಾಡಿದೆ: ಬೆಳಕು ಸಾಲದವು, ದೂರಕ್ಕೆ ಎಟುಕದವು, ಕ್ಷಣ ತಪ್ಪಿದವು. ಬೆಳಕು ಸಾಲದವೇ ಎಲ್ಲಕ್ಕಿಂತ ಕಡಿಮೆ ಇದ್ದವು. ಎಂಟನೇ ಸಾಲಿನಿಂದ ತೆಗೆದ ಚಿತ್ರಗಳಲ್ಲಿ ನಟ ಪುಟ್ಟದಾಗಿ ಕಾಣುತ್ತಿದ್ದ. ಅದಕ್ಕೆ 1.4 ಏನು ಮಾಡೀತು? ಯಕ್ಷಗಾನದಲ್ಲಿ ದಿಗಿಣ ಹಾರುವ ವೇಷವನ್ನು ಹಿಡಿಯಲು ಶಟರ್ 1/500 ಆದರೂ ಬೇಕು, ನಿಜ. ಆದರೆ ಅದಕ್ಕಿಂತ ಮೊದಲು ಭಾಗವತರ ಪದ, ಚೆಂಡೆಯ ಪೆಟ್ಟು ಯಾವಾಗ ಏರುತ್ತದೆ ಎಂಬುದು ಕಿವಿಗೆ ಗೊತ್ತಿರಬೇಕು.

ಇನ್ನೊಂದು ಸಂಗತಿ ಎಲ್‌ಇಡಿ ದೀಪಗಳದ್ದು. ನಮ್ಮ ವಿದ್ಯುತ್ತು 50 ಹರ್ಟ್ಸ್. ಸಾಧಾರಣ ದರ್ಜೆಯ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ವೇಗವಾಗಿ ಓಡಿಸಿದರೆ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಮೂಡುತ್ತವೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಆ ವೇಗಕ್ಕೆ ಎಫ್/1.8 ಧಾರಾಳ.

ಎಟುಕದ ಚಿತ್ರಗಳೇ ಹೆಚ್ಚಿದ್ದರಿಂದ 70-200 ಎಂಎಂ ಎಫ್/2.8 ಲೆನ್ಸನ್ನು ಬಾಡಿಗೆಗೆ ತಂದು ಕಲಾಗ್ರಾಮಕ್ಕೆ ಒಯ್ದೆ. ತೂಕ ಹೆಚ್ಚುಕಡಿಮೆ ಒಂದೂವರೆ ಕಿಲೊ. ಜ್ಞಾನಭಾರತಿ ಮೆಟ್ರೊ ನಿಲ್ದಾಣದಿಂದ ರಂಗಮಂದಿರ ತಲುಪುವ ಹೊತ್ತಿಗೇ ಹೆಗಲಿಗೆ ಅದರ ಅರಿವಾಯಿತು. ಆದರೂ ಹಿಂದಿನ ಸಾಲಿನಲ್ಲಿ ಕೂತು ನಟಿಯ ಕಣ್ಣಂಚಿನವರೆಗೆ ಹೋಗಲು ಸಾಧ್ಯವಾದದ್ದು ಅದರಿಂದಲೇ. 1.8ಕ್ಕಿಂತ ಒಂದು ಸ್ಟಾಪಿಗೂ ಹೆಚ್ಚು ಬೆಳಕು ಕಡಿಮೆಯಾದರೂ ಆ ರಾತ್ರಿಯ ಚಿತ್ರಗಳು ನನ್ನ ಈವರೆಗಿನ ಕೆಲಸದಲ್ಲೇ ಉತ್ತಮವಾದವು.

ಹೀಗಾಗಿ 85 ಎಂಎಂ ಎಫ್/1.4 ಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ. ದೂರ ಕೂರಬೇಕಾದಾಗ ಜೂಮ್ ಬಾಡಿಗೆಗೆ ತರುತ್ತೇನೆ. ಮುಂದಿನ ಸಾಲು ಸಿಕ್ಕರೆ ನನ್ನ ಎರಡು ಲೆನ್ಸ್ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ತಂಡದವರು ಒಪ್ಪಿದರೆ ಗ್ರ್ಯಾಂಡ್ ರಿಹರ್ಸಲ್‌ಗೆ ಹೋಗುತ್ತೇನೆ. ಯಾವ ಮಾತಿಗೆ ಬೆಳಕು ಇಳಿಯುತ್ತದೆ, ಯಾವ ಮೂಲೆಯಿಂದ ಯಾರು ಬರುತ್ತಾರೆ ಎಂದು ಬೆಳಕಿನ ವಿನ್ಯಾಸಕರನ್ನು ಕೇಳಿ ಬರೆದುಕೊಳ್ಳುತ್ತೇನೆ. ಕ್ಷಣ ತಪ್ಪಿದ ಚಿತ್ರಗಳಿಗೆ ನನಗೆ ಕಂಡ ಮದ್ದು ಇದೊಂದೇ.

ಎಫ್/1.4 ಬೇಕಾದವರು ಇಲ್ಲವೆಂದಲ್ಲ. ದೀವಟಿಗೆಯ ಬೆಳಕಿನಲ್ಲಿ ಆಟ ತೆಗೆಯುವವರಿಗೆ, ಒಂದೇ ಮುಖವನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುವುದೇ ಕೆಲಸವಾದವರಿಗೆ ಅದು ಪ್ರತಿ ರೂಪಾಯಿಗೂ ಬೆಲೆ ಕೊಡುತ್ತದೆ. ನಿಮ್ಮ ಚಿತ್ರಗಳಲ್ಲಿ ಬೆಳಕಿನ ಕೊರತೆಯೇ ಮತ್ತೆ ಮತ್ತೆ ಕಂಡರೆ, ಬಾಡಿಗೆಗೆ ತಂದು ಒಂದು ಪ್ರದರ್ಶನ ತೆಗೆದು ನೋಡಿ. ಆ ಕೊರತೆ ನೀಗಿದ್ದು ಕಣ್ಣಿಗೆ ಕಂಡರೆ ಧೈರ್ಯವಾಗಿ ಕೊಳ್ಳಿ.