ಕಣ್ಣಿಗೆ ಸಿಡಿದ ಹನಿ, ಮನಸ್ಸಿಗೆ ಹೊಕ್ಕ ಭಯ

ಪ್ರಶ್ನೆ: ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುತ್ತೇನೆ. ಹತ್ತು ದಿನದ ಹಿಂದೆ ಹೆರಿಗೆ ಹೊತ್ತಿನಲ್ಲಿ ನೆತ್ತರು ಬೆರೆತ ನೀರು ನನ್ನ ಬಲಗಣ್ಣಿಗೆ ಸಿಡಿಯಿತು. ಸೆರಗಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಎಚ್‌ಐವಿ ಬರಬಹುದು ಎಂದು ಆಮೇಲೆ ಯಾರೋ ಅಂದರು. ಅಂದಿನಿಂದ ನಿದ್ದೆಯಿಲ್ಲ. ಶಾಲೆಗೆ ಹೊರಟ ಮಗಳನ್ನು ಅಪ್ಪಿಕೊಳ್ಳಲೂ ಹೆದರಿಕೆ. ಮನೆಯವರಿಗೂ ಹೇಳಿಲ್ಲ.
– ಹೆಸರು ಬೇಡ, ಹುನಗುಂದ

ಉತ್ತರ: ಮೊದಲು ಮಗಳನ್ನು ಅಪ್ಪಿಕೊಳ್ಳಿ. ಅಪ್ಪುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಎಚ್‌ಐವಿ ಹರಡುವುದಿಲ್ಲ. ಸೋಂಕಿರುವವರ ರಕ್ತವೇ ಕಣ್ಣಿಗೆ ಸಿಡಿದರೂ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಒಂದು. ಬೆವರು, ಕಣ್ಣೀರಿನಲ್ಲಿ ರಕ್ತ ಬೆರೆತಿರದಿದ್ದರೆ ಆ ಭಯವೂ ಇಲ್ಲ. ಆದರೆ ಹೆರಿಗೆಯ ನೀರನ್ನು ಹಗುರವಾಗಿ ಕಾಣುವಂತಿಲ್ಲ. ಹೆಪಟೈಟಿಸ್ ಬಿ, ಸಿ ಕೂಡ ಇದೇ ದಾರಿಯಲ್ಲಿ ಬರಬಹುದು.

ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ನಿಮ್ಮ ವಿಷಯದಲ್ಲಿ ಆ ಹೊತ್ತು ಮೀರಿದೆ, ಇದನ್ನು ಮುಚ್ಚಿಡಲಾರೆ. ಆದರೂ ಮಾಡುವ ಕೆಲಸ ಉಳಿದಿದೆ. ನಾಳೆಯೇ ವೈದ್ಯರಿಗೆ ನಡೆದದ್ದನ್ನು ಹೇಳಿ. ಗರ್ಭಿಣಿಯರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡುವ ಪದ್ಧತಿಯಿದೆ. ಆ ಫಲಿತಾಂಶವನ್ನು ವೈದ್ಯರೇ ನೋಡಲಿ, ನೀವು ಬಾಣಂತಿಯನ್ನು ಕೇಳಲು ಹೋಗಬೇಡಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ-ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ, ಗುಟ್ಟು ರಟ್ಟಾಗುವುದಿಲ್ಲ. ಈಗೊಮ್ಮೆ, ಆಮೇಲೆ 6 ವಾರ, 3 ತಿಂಗಳು, 6 ತಿಂಗಳಿಗೆ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರದಿದ್ದರೆ ಮೂರು ಡೋಸ್ ಶುರುಮಾಡಿ. ಎಲ್ಲ ತಿಳಿಯಾಗುವವರೆಗೆ ರಕ್ತದಾನ ಬೇಡ, ಗಂಡ-ಹೆಂಡತಿ ಕಾಂಡೋಮ್ ಬಳಸಿ. ಅದಕ್ಕಾದರೂ ಮನೆಯವರಿಗೆ ಹೇಳಲೇಬೇಕು. ಕೆಲಸ ಮಾಡುವಾಗ ಆದದ್ದಿದು, ತಲೆ ತಗ್ಗಿಸುವಂಥದ್ದೇನೂ ಅಲ್ಲ. ಮಾತಾಡಲು ಯಾರಾದರೂ ಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ.

ಬಾಗಲಕೋಟೆ, ಬಾದಾಮಿ, ಇಳಕಲ್ಲಿನ ಹೆರಿಗೆ ಕೋಣೆಗಳಲ್ಲಿ ದುಡಿಯುವ ಅಕ್ಕ-ತಂಗಿಯರೆಲ್ಲ ಇದನ್ನು ನೆನಪಿಡಿ. ಹನಿ ಸಿಡಿದರೆ ಸೆರಗಿನಿಂದ ಉಜ್ಜಬೇಡಿ. ನಲ್ಲಿಯ ಹತ್ತಿರ ಹೋಗಿ, ರೆಪ್ಪೆ ಬಿಡಿಸಿ ಹಿಡಿದು, 15 ನಿಮಿಷ ಶುದ್ಧ ನೀರು ಹರಿಸಿ. ಸೋಪು ಬೇಡ, ಎಣ್ಣೆ ಬೇಡ. ಬಳಿಕ ನೇರ ವೈದ್ಯರ ಬಳಿ. ಸುರಕ್ಷತೆಯ ಸಾಧನಗಳನ್ನೂ ಎಚ್‌ಐವಿ ತಡೆಯುವ ಮಾತ್ರೆಯನ್ನೂ ಸಿಬ್ಬಂದಿಗೆ ಒದಗಿಸುವುದು ಆಸ್ಪತ್ರೆಯ ಹೊಣೆ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಮುಂದಿನ ಹೆರಿಗೆಗೆ ನಿಲ್ಲುವ ಮೊದಲು ಕಣ್ಣಿಗೆ ರಕ್ಷಣಾ ಕನ್ನಡಕ ಕೇಳಿ ಪಡೆಯಿರಿ.