ಕೂಡುತೋಟವೂ ನೀರಿನ ಲೆಕ್ಕವೂ

ನೆರೆಹೊರೆಯವರು ಕೂಡಿ ಬೆಳೆಸುವ ತೋಟ ಪಶ್ಚಿಮ ದೇಶಗಳಿಂದ ಬಂದ ರೂಢಿಯೆಂದು ಹಲವರ ಭಾವನೆ. 1865ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಮಕ್ಕಳಿಗಾಗಿ ಒಂದು ಆಟದ ಬಯಲು ತೆರೆಯಿತು. ಮುಂದೆ ಅದರ ಅಂಚಿನಲ್ಲಿ ಮಕ್ಕಳಿಗೆಂದು ಮಾಡಿದ ಮಡಿಗಳು ಕ್ರಮೇಣ ಹೆತ್ತವರ ಕೈಸೇರಿ ಕುಟುಂಬಗಳ ತೋಟಗಳಾದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಇಂಥ ತೋಟಗಳು, ಮನೆಯ ಹಿತ್ತಿಲುಗಳೂ ಸೇರಿ, ಸುಮಾರು 2 ಕೋಟಿಗೆ ಏರಿದುವು.

ಇವೆಲ್ಲ ನಿಜವೇ. ಆದರೆ ಹೇರೋಹಳ್ಳಿಯಲ್ಲಿ ನಿಂತು ನೋಡಿದರೆ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಬೆಂಗಳೂರಿನ ಪಶ್ಚಿಮಕ್ಕಿರುವ ಈ ಹಳ್ಳಿ ಇಂದು ನಗರದೊಳಗೆ ಸೇರಿಹೋಗಿದೆ, ಕೆರೆ ಉಳಿದಿದೆ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ಕೆಳಗಿನ ಗದ್ದೆ ತೋಟಗಳು ಬೇರೆಬೇರೆ ಒಡೆಯರವು. ನೀರು ಮಾತ್ರ ಒಂದೇ ಕೆರೆಯದು. ತೂಬನ್ನು ತೆರೆದು ಸರದಿಯಂತೆ ನೀರು ಹಂಚಲು ನೀರುಗಂಟಿ ಇರುತ್ತಿದ್ದನು. ನೆಲಕ್ಕಿಂತ ನೀರೇ ಅಲ್ಲಿ ಸಮುದಾಯದ ಸ್ವತ್ತು.

ನಗರದಲ್ಲಿ ತೋಟ ತಾರಸಿಯನ್ನೇರಿತು. ಬೆಂಗಳೂರಿನ ತಾರಸಿ ತೋಟಗಾರರು 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳವನ್ನು ಆರಂಭಿಸಿದರು. ನೀರು ಎಲ್ಲಿಂದ? 2024ರ ಮಾರ್ಚ್ ತಿಂಗಳ ಬರದಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿತು. ಆಗ ನೀರಿನ ಲೆಕ್ಕ ಹಾಕದೆ ವಿಧಿಯಿರಲಿಲ್ಲ.

ಆ ಲೆಕ್ಕವನ್ನು ನಾವು ಇಲ್ಲಿ ಹಾಕೋಣ. ಬೇಸಗೆಯಲ್ಲಿ ಒಂದು ಚದರ ಮೀಟರ್ ನೆಲಕ್ಕೆ ದಿನವೊಂದಕ್ಕೆ ದೊರೆಯುವ ಬಿಸಿಲಿನ ಶಕ್ತಿ ಸುಮಾರು 6 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಅಂದರೆ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಲೀಟರ್. ಬಿಸಿಲೆಲ್ಲವೂ ಇದಕ್ಕೇ ವ್ಯಯವಾದರೆ 9 ಲೀಟರ್ ಆರಬೇಕು. ಆದರೆ ಸ್ವಲ್ಪ ಬೆಳಕು ಪ್ರತಿಫಲಿಸುತ್ತದೆ, ಸ್ವಲ್ಪ ಶಾಖ ಗಾಳಿಗೂ ಆಕಾಶಕ್ಕೂ ಹೋಗುತ್ತದೆ. ಎಲೆ ತುಂಬಿದ ಮಡಿಯಿಂದ ಸುಮಾರು 5 ಲೀಟರ್ ಹೋಗುವುದೆಂದು ಹಿಡಿಯಬಹುದು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ 150 ದಿನಗಳಿಗೆ 750 ಲೀಟರ್.

ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಒಂದು ಚದರ ಮೀಟರಿಗೆ 970 ಲೀಟರ್! ಮಳೆ ಸಾಲದೆಂಬ ನಮ್ಮ ದೂರು ನಿಲ್ಲುವುದಿಲ್ಲ, ಕೊರತೆಯಿರುವುದು ಪಾತ್ರೆಯಲ್ಲಿ.

ಕೂಡುವುದರ ಲಾಭ ಇಲ್ಲಿದೆ. ಒಂದು ಮೀಟರ್ ಬದಿಯ ಘನಾಕೃತಿಯ ತೊಟ್ಟಿ 1,000 ಲೀಟರ್ ಹಿಡಿಯುತ್ತದೆ. ತಳ ಮುಚ್ಚಳಗಳೂ ಸೇರಿ ಅದರ ಮೈ 6 ಚದರ ಮೀಟರ್. ಎಂಟು ಮನೆಗಳು ಬೇರೆಬೇರೆ ಕಟ್ಟಿದರೆ 48. ಎಂಟೂ ಸೇರಿ ಎರಡು ಮೀಟರ್ ಬದಿಯ ಒಂದನ್ನೇ ಕಟ್ಟಿದರೆ ಅಷ್ಟೇ ನೀರಿಗೆ 24 ಸಾಕು. (ಅದರ ಭಾರ 8 ಟನ್, ಅದನ್ನು ನೆಲದೊಳಗೇ ಕಟ್ಟಬೇಕು, ತಾರಸಿಯ ಮೇಲಲ್ಲ.)

ಇದರ ತಳ 4 ಚದರ ಮೀಟರ್. ಮನೆಗೊಂದು ಚದರ ಮೀಟರಿನ ಮಡಿಯಾದರೆ ದಿನಕ್ಕೆ 40 ಲೀಟರ್ ಖರ್ಚು. ನೀರಿನ ಮಟ್ಟ ನಿಖರವಾಗಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ಗೋಡೆಗೆ ಅಳತೆಯ ಗೆರೆಗಳನ್ನು ಬರೆದು ಪ್ರತಿದಿನವೂ ನೋಡಬೇಕು. ಎರಡು ಸೆಂಟಿಮೀಟರ್ ಇಳಿದ ದಿನ ತೊಟ್ಟಿ ಸೋರುತ್ತಿದೆಯೋ, ಯಾರೋ ಸರದಿ ಮೀರಿದರೋ ಎಂಬುದನ್ನು ವಿಚಾರಿಸಲು ಅಲ್ಲಿಯೂ ಒಬ್ಬ ನೀರುಗಂಟಿ ಬೇಕಾಗುತ್ತಾನೆ.